ನೆಲದಲ್ಲಿ ಒಂದು ತೊಟ್ಟೂ ಇಲ್ಲ, ಬಾಟಲಿಯಲ್ಲಿ ಕೂಲೆಂಟೂ ಇಲ್ಲ: ಹಳೇ ಡೀಸೆಲ್ ಕಾರಿನ ಸೋರಿಕೆ ಹುಡುಕುವುದು ಹೇಗೆ

ನನ್ನದು 2011ರ ಡೀಸೆಲ್ ಕಾರು. ಒಂದು ಲಕ್ಷದ ಅರವತ್ತು ಸಾವಿರ ಕಿಲೋಮೀಟರ್ ಓಡಿದೆ. ಮನೆ ಮಂಡ್ಯದಲ್ಲಿ, ಕೆಲಸ ಮೈಸೂರಿನಲ್ಲಿ, ದಿನಕ್ಕೆ ಹೋಗಿ ಬರುವುದು ಸುಮಾರು 90 ಕಿಲೋಮೀಟರ್. ಕಳೆದ ದಸರಾಕ್ಕೆ ಸ್ವಲ್ಪ ಮೊದಲು ಇದಕ್ಕೊಂದು ರೋಗ ಶುರುವಾಯಿತು. ಹತ್ತು ದಿನಕ್ಕೊಮ್ಮೆ ಇಂಜಿನ್ ತಂಪಾಗಿಡುವ ದ್ರವದ, ಅಂದರೆ ಕೂಲೆಂಟಿನ, ಬಾಟಲಿಯಲ್ಲಿ ಮಟ್ಟ ಕೆಳಗಿನ ಗೆರೆಗಿಂತ ಇಳಿಯುತ್ತದೆ, ಕಾಲು ಲೀಟರ್ ಹಾಕಿದರೆ ಸರಿಹೋಗುತ್ತದೆ, ಮತ್ತೆ ಹತ್ತು ದಿನಕ್ಕೆ ಅದೇ ಕಥೆ. ಕಾರು ನಿಲ್ಲಿಸಿದ ಜಾಗ ಮಾತ್ರ ಒಣಗಿಕೊಂಡೇ ಇದೆ. ಜೊತೆಗೆ ಮೀಟರಿನಲ್ಲಿ ಎರಡು ಲೈಟು. ಕೂಲೆಂಟಿನ ಕೆಂಪು ಲೈಟು ಆಗಾಗ ಮಿನುಗುತ್ತದೆ, ಇಂಜಿನ್ ಚಿತ್ರದ ಹಳದಿ ಲೈಟು ಹತ್ತಿದ್ದು ಆರುವುದೇ ಇಲ್ಲ.

ಮೊದಲು ಹೋದ ಗ್ಯಾರೇಜಿನವರು ಬಾನೆಟ್ ಎತ್ತಿ ಎರಡು ನಿಮಿಷ ನೋಡಿ "ಹೆಡ್ ಗ್ಯಾಸ್ಕೆಟ್ ಹೋಗೈತೆ ಸಾ, ಹೆಡ್ಡು ಇಳಿಸ್ಬೇಕು" ಎಂದರು. ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವೆ ಇರುವ ಸೀಲ್ ಅದು. ಖರ್ಚು ಎಷ್ಟು ಎಂದು ಕೇಳಿದೆ. ಅವರು ಹೇಳಿದ ಮೊತ್ತ ಕೇಳಿ ಕಾರಿಗಿಂತ ಮೊದಲು ನನಗೇ ಹೀಟ್ ಆಯಿತು.

ಕೊನೆಗೆ ಹೆಡ್ ಇಳಿಸಲಿಲ್ಲ, ಅದರ ಅಗತ್ಯವೇ ಇರಲಿಲ್ಲ. ಆದರೆ ನಿಜವಾದ ಜಾಗ ಸಿಗಲು ಆರು ವಾರ ಹಿಡಿಯಿತು, ಅದರಲ್ಲಿ ನಾಲ್ಕು ವಾರ ನನ್ನದೇ ದಡ್ಡತನಕ್ಕೆ ಹೋಯಿತು. ಎರಡು ಲೈಟನ್ನು ಎರಡು ಬೇರೆ ರೋಗ ಎಂದುಕೊಂಡಿದ್ದೆ, ಅದೇ ತಪ್ಪು. ನಿಮ್ಮ ಕಾರಿಗೂ ಹೀಗೇ ಆಗುತ್ತಿದ್ದರೆ, ನಾನು ಎಡವಿದ ಕಡೆ ನೀವು ಎಡವದಿರಲಿ ಎಂದು ಬರೆಯುತ್ತಿದ್ದೇನೆ.

ಮೊದಲು, ಕೈ ಸುಟ್ಟುಕೊಳ್ಳಬೇಡಿ

ಬಿಸಿ ಇಂಜಿನ್ನಿನ ಕೂಲೆಂಟ್ ಮುಚ್ಚಳ ಬಿಚ್ಚಲೇಬಾರದು. ಬಟ್ಟೆ ಹಿಡಿದು ಬಿಚ್ಚುತ್ತೇನೆ ಎನ್ನುವವರೂ ಬಿಚ್ಚಬಾರದು. ಕಾರಣ ಸರಳ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಇಲ್ಲಿ ತೆರೆದ ಪಾತ್ರೆಯ ನೀರು 97-98 ಡಿಗ್ರಿಗೇ ಕುದಿಯುತ್ತದೆ. ಆದರೆ ಕೂಲೆಂಟ್ ಇರುವುದು ಒತ್ತಡದಲ್ಲಿ. ಮುಚ್ಚಳದ ಮೇಲೆ 1.1 ಅಥವಾ 1.4 ಬಾರ್ ಎಂದು ಬರೆದಿರುತ್ತದೆ ನೋಡಿ. 1.1 ಬಾರ್ ಒತ್ತಡದಲ್ಲಿ ಬರೀ ನೀರಾದರೂ ಕುದಿಯಲು 120 ಡಿಗ್ರಿ ಹತ್ತಿರ ಹೋಗಬೇಕು. ಅಂದರೆ 105 ಡಿಗ್ರಿಯಲ್ಲಿ ಒಳಗೆ ಸುಮ್ಮನಿದ್ದ ನೀರು ನೀವು ಮುಚ್ಚಳ ತಿರುಗಿಸಿದ ಕ್ಷಣ ಒಟ್ಟಿಗೇ ಕುದಿದು ಮುಖಕ್ಕೆ ಹಾರುತ್ತದೆ. ಕುಕ್ಕರ್ ಸೀಟಿ ಇಳಿಯುವ ಮೊದಲು ಮುಚ್ಚಳ ತೆಗೆದ ಹಾಗೆ. ಮೇಲಿನ ಹೋಸ್ ಮುಟ್ಟಿದಾಗ ತಣ್ಣಗೆ, ಹಿಚುಕಿದಾಗ ಮೆತ್ತಗೆ ಇದ್ದರೆ ಮಾತ್ರ ಮುಚ್ಚಳಕ್ಕೆ ಕೈ ಹಾಕಿ.

ಲೈಟು ಏನು ಹೇಳುತ್ತಿದೆ?

ಥರ್ಮಾಮೀಟರ್ ಚಿತ್ರದ ಲೈಟು ಎಲ್ಲ ಕಾರಿನಲ್ಲೂ ಒಂದೇ ಅರ್ಥ ಕೊಡುವುದಿಲ್ಲ. ಕೆಲವು ಕಾರುಗಳಲ್ಲಿ ಇಂಜಿನ್ ತಣ್ಣಗಿದ್ದಾಗ ನೀಲಿ ಲೈಟು ಬರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಕೆಂಪು ಲೈಟು ಬಿಸಿ ಜಾಸ್ತಿಯಾಗಿದೆ ಎಂದು ಹೇಳುತ್ತಿರಬಹುದು, ಅಥವಾ ಬಾಟಲಿಯಲ್ಲಿ ಮಟ್ಟ ಕಡಿಮೆ ಎಂದು ಹೇಳುತ್ತಿರಬಹುದು. ಎರಡಕ್ಕೂ ಅದೇ ಚಿತ್ರ ಬಳಸುವ ಕಾರುಗಳಿವೆ. ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ ಧೂಳು ತಿನ್ನುತ್ತಿರುವ ಪುಸ್ತಕ ಒಂದಿದೆಯಲ್ಲ, ಅದನ್ನು ಈ ಒಂದು ಪುಟಕ್ಕಾದರೂ ತೆರೆಯಿರಿ.

ನನ್ನ ಕಾರಿನದು ಮಟ್ಟದ ಲೈಟು. ಎಡಕ್ಕೆ ತಿರುಗಿದಾಗ, ಸರ್ಕಲ್ ಸುತ್ತುವಾಗ, ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಮಾತ್ರ ಮಿನುಗುತ್ತಿತ್ತು, ನೇರ ರಸ್ತೆಗೆ ಬಂದರೆ ಆರುತ್ತಿತ್ತು. ಬಾಟಲಿಯಲ್ಲಿ ನೀರು ಒಂದು ಕಡೆಗೆ ಸರಿದಾಗ ಸೆನ್ಸರ್ ಬರಿದಾಗುತ್ತದೆ, ಅಷ್ಟೇ. ಹೀಗೆ ತಿರುವಿನಲ್ಲಿ ಮಾತ್ರ ಲೈಟು ಬಂದರೆ ಮಟ್ಟ ಅಂಚಿನಲ್ಲಿದೆ ಎಂದು ತಿಳಿಯಿರಿ. ಬಾಟಲಿ ತುಂಬಿದ್ದರೂ ಬಂದರೆ ಸೆನ್ಸರಿನ ಮೇಲೆ ಅನುಮಾನ ಪಡಿ.

ಬ್ಯಾಟರಿ ಲೈಟೂ ಬಿಸಿಯ ಲೈಟೂ ಒಟ್ಟಿಗೆ ಬಂದರೆ ಬೆಲ್ಟ್ ನೋಡಿ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನೂ ವಾಟರ್ ಪಂಪನ್ನೂ ಒಂದೇ ಹೊರಬೆಲ್ಟ್ ತಿರುಗಿಸುವ ಕಾರಾದರೆ ಅದು ಹರಿದಿರುತ್ತದೆ ಅಥವಾ ಜಾರಿರುತ್ತದೆ. ಆಗ ಒಂದು ಕಿಲೋಮೀಟರ್ ಕೂಡ ಓಡಿಸುವ ಹಾಗಿಲ್ಲ. ಆಯಿಲ್ ಡಬ್ಬಿಯ ಕೆಂಪು ಲೈಟು ಬಂದರಂತೂ ಯೋಚನೆಯೇ ಬೇಡ, ಪಕ್ಕಕ್ಕೆ ಹಾಕಿ ಆಫ್ ಮಾಡಿ. ಸುರುಳಿಯ ಚಿತ್ರದ ಹಳದಿ ಲೈಟು ಬೆಳಗ್ಗೆ ಕೆಲವು ಸೆಕೆಂಡ್ ಬಂದು ಆರುವುದು ಸಹಜ. ಓಡುವಾಗ ಅದು ಮಿನುಗತೊಡಗಿದರೆ ಎಷ್ಟೋ ಡೀಸೆಲ್ ಕಾರುಗಳಲ್ಲಿ ಇಂಜಿನ್ ಕಂಪ್ಯೂಟರ್ ಏನೋ ದೋಷ ಕಂಡಿದೆ ಎಂದೇ ಅರ್ಥ.

ಬಿಸಿಯ ಮುಳ್ಳನ್ನು ಪೂರ್ತಿ ನಂಬಬೇಡಿ. ಎಷ್ಟೋ ಕಾರುಗಳಲ್ಲಿ ಮುಳ್ಳು ಒಮ್ಮೆ ಮಧ್ಯಕ್ಕೆ ಬಂದರೆ ನಿಜವಾದ ಬಿಸಿ ಹತ್ತಿಪ್ಪತ್ತು ಡಿಗ್ರಿ ಆಚೀಚೆ ಆದರೂ ಅಲ್ಲಾಡದ ಹಾಗೆ ಮಾಡಿರುತ್ತಾರೆ, ಓಡಿಸುವವರು ಸುಮ್ನೆ ಗಾಬರಿಯಾಗದಿರಲಿ ಎಂದು. ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಕೂಲೆಂಟ್ ಪೂರ್ತಿ ಖಾಲಿಯಾದರೆ ಸೆನ್ಸರ್ ನೀರಿನಲ್ಲಿ ಮುಳುಗಿರುವುದಿಲ್ಲ, ಗಾಳಿಯಲ್ಲಿ ನೇತಾಡುತ್ತಿರುತ್ತದೆ. ಇಂಜಿನ್ ಬೇಯುತ್ತಿದ್ದರೂ ಮುಳ್ಳು ಕೆಳಗೆ ಇಳಿಯಬಹುದು.

ಎಕ್ಸ್‌ಪ್ರೆಸ್‌ವೇನಲ್ಲಿ ಮುಳ್ಳು ಏರತೊಡಗಿದರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರು ಮಾಡಿ. ಮಂಡ್ಯದ ಬಿಸಿಲಿನಲ್ಲಿ ಹೀಟರ್ ಹಾಕುವುದು ಶಿಕ್ಷೆಯೇ, ಆದರೆ ಅದು ಎರಡನೇ ಪುಟ್ಟ ರೇಡಿಯೇಟರ್ ಇದ್ದ ಹಾಗೆ. ಅದೇ ಒಂದು ಪರೀಕ್ಷೆಯೂ ಹೌದು. ಮುಳ್ಳು ಮೇಲಿದ್ದು ಹೀಟರಿನಿಂದ ತಣ್ಣನೆ ಗಾಳಿ ಬಂದರೆ ಒಳಗೆ ನೀರು ಇಲ್ಲ, ಅಥವಾ ತಿರುಗುತ್ತಿಲ್ಲ. ತಕ್ಷಣ ನಿಲ್ಲಿಸಿ. ಬಿಸಿ ಗಾಳಿ ಬಂದರೆ ನಿಧಾನಕ್ಕೆ ಪಕ್ಕಕ್ಕೆ ಹೋಗುವಷ್ಟು ಸಮಯವಿದೆ, ಕೆಂಪು ಲೈಟೇ ಹತ್ತಿದರೆ ಅಷ್ಟೂ ಇಲ್ಲ. "ಇನ್ನೇನು ಶ್ರೀರಂಗಪಟ್ಟಣ ಬಂದೇಬಿಡ್ತು" ಎಂದು ಓಡಿಸುವ ಆ ಎಂಟು ಕಿಲೋಮೀಟರಿನಲ್ಲೇ ಅಲ್ಯೂಮಿನಿಯಂ ಹೆಡ್ ಬಾಗುವುದು. ಹೆದ್ದಾರಿಯ ಸಹಾಯವಾಣಿ 1033.

ಅಳೆಯದೆ ಏನನ್ನೂ ಬದಲಿಸಬೇಡಿ

ನನ್ನ ದಡ್ಡತನ ಇಲ್ಲಿಂದ ಶುರು. ಮಟ್ಟ ಇಳಿದಾಗಲೆಲ್ಲ ಕೈಗೆ ಸಿಕ್ಕ ಬಾಟಲಿಯಿಂದ ಸುರಿದೆ, ಎಷ್ಟು ಎಂದು ಬರೆದಿಡಲಿಲ್ಲ. ಹೊಸ ಮುಚ್ಚಳ ಹಾಕಿಸಿದೆ. ಒಂದು ಹೋಸ್ ಬದಲಿಸಿದೆ. ಎರಡೂ ಚೆನ್ನಾಗಿಯೇ ಇದ್ದವು.

ನೀವು ಹೀಗೆ ಮಾಡಿ. ಬೆಳಗ್ಗೆ ಇಂಜಿನ್ ತಣ್ಣಗಿದ್ದಾಗ, ಸಮ ನೆಲದಲ್ಲಿ, ಬಾಟಲಿಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ಗೆರೆ ಎಳೆಯಿರಿ. ಪಕ್ಕದಲ್ಲಿ ತಾರೀಕು, ಕಿಲೋಮೀಟರ್. ಪ್ರತಿದಿನ ಅದೇ ಹೊತ್ತಿಗೆ ಅದೇ ಜಾಗದಲ್ಲಿ ನೋಡಿ. ಬಿಸಿಯಾದಾಗ ಮಟ್ಟ ಏರುತ್ತದೆ, ತಣ್ಣಗಾದಾಗ ಇಳಿಯುತ್ತದೆ, ಹಾಗಾಗಿ ಸಂಜೆ ಒಮ್ಮೆ ಬೆಳಗ್ಗೆ ಒಮ್ಮೆ ನೋಡಿದರೆ ಏನೂ ತಿಳಿಯುವುದಿಲ್ಲ. ಒಂದು ವಾರ ಸಾಕು. ನಾನು ಹೀಗೆ ಬರೆದಿಟ್ಟ ಮೇಲೆ ಗೊತ್ತಾದದ್ದು: ಓಡಿಸದೆ ಮನೆಯಲ್ಲೇ ಬಿಟ್ಟ ಭಾನುವಾರ ಒಂದಿಷ್ಟೂ ಇಳಿಯಲಿಲ್ಲ, ದೂರ ಓಡಿಸಿ ಬಿಸಿಯಾಗಿ ನಿಲ್ಲಿಸಿದ ರಾತ್ರಿ ಚೆನ್ನಾಗಿ ಇಳಿಯಿತು. ಈ ಒಂದು ಸಾಲು ಮುಂದೆ ತುಂಬ ಕೆಲಸಕ್ಕೆ ಬಂತು.

ಬಿಸಿ ಯಾವಾಗ ಏರುತ್ತದೆ ಎನ್ನುವುದೂ ಮುಖ್ಯ. ರೈಲ್ವೆ ಗೇಟಿನಲ್ಲಿ ನಿಂತಾಗ ಏರಿ, ಓಡತೊಡಗಿದರೆ ಇಳಿದರೆ ಫ್ಯಾನ್, ಅದರ ರಿಲೇ, ಫ್ಯೂಸ್ ನೋಡಿ. ಊರೊಳಗೆ ಸರಿಯಿದ್ದು ಜೋರಾಗಿ ಓಡಿಸಿದಾಗ ಏರಿದರೆ ರೇಡಿಯೇಟರ್ ಕಟ್ಟಿಕೊಂಡಿರಬಹುದು. ನಮ್ಮ ಕಡೆ ರಾಗಿ, ಹುರುಳಿ ಒಕ್ಕಣೆಯನ್ನು ರಸ್ತೆಯ ಮೇಲೇ ಹಾಕುತ್ತಾರಲ್ವಾ, ಅದರ ಮೇಲೆ ಹಾಯಿಸಿ ಬಂದರೆ ಒಮ್ಮೆ ಬಗ್ಗಿ ಕೆಳಗೆ ನೋಡಿ. ಹುಲ್ಲು ಸುತ್ತಿಕೊಂಡಿದ್ದರೆ ಬಿಸಿಯಷ್ಟೇ ಅಲ್ಲ, ಬೆಂಕಿಯ ಭಯವೂ ಇದೆ. ನನ್ನ ಕಾರು ಮಾತ್ರ ಎಲ್ಲೂ ಬಿಸಿಯಾಗುತ್ತಿರಲಿಲ್ಲ, ಸುಮ್ನೆ ಕುಡಿಯುತ್ತಿತ್ತು.

ಹೊರಗೆ ಹೋಗುತ್ತಿದೆಯೇ?

ಕೂಲೆಂಟಿಗೆ ಇರುವುದು ಮೂರೇ ದಾರಿ. ಹೊರಗೆ ನೆಲಕ್ಕೆ, ಒಳಗೆ ನೀವು ಕೂರುವ ಜಾಗಕ್ಕೆ, ಇಲ್ಲವೇ ಇಂಜಿನ್ನಿನೊಳಕ್ಕೆ. ಸುಲಭದ್ದನ್ನು ಮೊದಲು ಮುಗಿಸಿ.

ರಾತ್ರಿ ಕಾರಿನ ಕೆಳಗೆ ದೊಡ್ಡ ರಟ್ಟು ಹಾಸಿ. ಟಿವಿ ಬಂದ ಡಬ್ಬ ಬಿಚ್ಚಿದರೆ ಸರಿಯಾಗುತ್ತದೆ. ಎಸಿಯ ನೀರು ಬಣ್ಣವಿಲ್ಲದೆ ವಾಸನೆಯಿಲ್ಲದೆ ಬೀಳುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಕೂಲೆಂಟ್ ಬೆರಳಿಗೆ ಜಾರುತ್ತದೆ, ಸಿಹಿ ವಾಸನೆ ಇರುತ್ತದೆ. ನಾಲಿಗೆಗೆ ಮಾತ್ರ ತಾಗಿಸಬೇಡಿ, ಅದರಲ್ಲಿರುವ ಎಥಿಲಿನ್ ಗ್ಲೈಕಾಲ್ ವಿಷ. ಸಿಹಿಯಿರುವುದರಿಂದ ನಾಯಿಗಳು ನೆಕ್ಕುತ್ತವೆ, ಚೆಲ್ಲಿದರೆ ತಕ್ಷಣ ತೊಳೆಯಿರಿ.

ಸೋರಿದ ಕೂಲೆಂಟ್ ಬಿಸಿಗೆ ಒಣಗಿ ಬಿಳಿ, ಗುಲಾಬಿ ಅಥವಾ ಹಸಿರು ಕಲೆ ಬಿಡುತ್ತದೆ. ಟಾರ್ಚ್ ಹಿಡಿದು ಹೋಸ್ ಕ್ಲಿಪ್ಪುಗಳು, ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಅಲ್ಯೂಮಿನಿಯಂಗೆ ಸೇರುವ ಅಂಚು, ಥರ್ಮೋಸ್ಟಾಟ್ ಕೂರುವ ಗೂಡು, ವಾಟರ್ ಪಂಪಿನ ಕೆಳಗಿರುವ ಸಣ್ಣ ತೂತು ಇವನ್ನು ನೋಡಿ. ಪಂಪಿನ ಸೀಲ್ ಹೋದರೆ ನೀರು ಆ ತೂತಿನಿಂದ ಬರಲಿ ಎಂದೇ ಅದನ್ನು ಬಿಟ್ಟಿರುವುದು, ಅದನ್ನು ಎಂ-ಸೀಲ್ ಹಾಕಿ ಮುಚ್ಚುವ ಮಹಾನುಭಾವರೂ ಇದ್ದಾರೆ. ಟೈಮಿಂಗ್ ಬೆಲ್ಟ್ ಪಂಪನ್ನು ತಿರುಗಿಸುವ ಕಾರಾದರೆ ಈ ಸೋರಿಕೆ ಕವರಿನ ಹಿಂದೆ ಅಡಗಿರುತ್ತದೆ, ಕವರಿನ ಕೆಳಗಿನ ಅಂಚು ಒದ್ದೆಯೇ ನೋಡಿ.

ಇಲ್ಲಿ ನಾನು ಮಾಡಿದ ಇನ್ನೊಂದು ಘನಕಾರ್ಯ ಹೇಳಲೇಬೇಕು. ಆಯುಧಪೂಜೆಗೆ ಎಂದು ಬಾನೆಟ್ ಒಳಗೆಲ್ಲ ಪ್ರೆಷರ್ ವಾಷ್ ಹೊಡೆಸಿದ್ದೆ. ಕಾರು ಫಳಫಳ ಹೊಳೆಯಿತು, ಕುಂಬಳಕಾಯಿಯೂ ಒಡೆಯಿತು. ಒಣಗಿದ ಕಲೆಗಳೇನಾದರೂ ಇದ್ದಿದ್ದರೆ ಅವೂ ಅವತ್ತೇ ತೊಳೆದುಹೋಗಿರಬೇಕು. ಸೋರಿಕೆ ಹುಡುಕುವಾಗ ಇಂಜಿನ್ ತೊಳೆಸಬೇಡಿ, ಕೊಳೆಯೇ ನಿಮ್ಮ ಸಾಕ್ಷಿ. ಜೋರಾಗಿ ನೀರು ಹೊಡೆದರೆ ಸೆನ್ಸರ್ ಕನೆಕ್ಟರಿನೊಳಗೆ ನುಗ್ಗಿ ಸುಳ್ಳು ಲೈಟು ಬರುವುದೂ ಉಂಟು.

ಒಳಗೆ ಕೂರುವ ಕಡೆ ಸೋರಿದರೆ ಅದು ಹೀಟರ್ ಕೋರ್, ಹೀಟರಿನೊಳಗಿನ ಆ ಪುಟ್ಟ ರೇಡಿಯೇಟರ್. ಪಕ್ಕದ ಸೀಟಿನ ಕಾಲ ಬಳಿ ಕಾರ್ಪೆಟ್ ಅಂಟಂಟು, ಮುಂದಿನ ಗಾಜಿಗೆ ಒರೆಸಿದರೂ ಹೋಗದ ಜಿಡ್ಡು ಮಂಜು, ಸಿಹಿ ವಾಸನೆ. ನನ್ನಲ್ಲಿ ಇದ್ಯಾವುದೂ ಇರಲಿಲ್ಲ.

ಕಣ್ಣಿಗೆ ಏನೂ ಸಿಗದಿದ್ದರೆ ಪ್ರೆಷರ್ ಟೆಸ್ಟ್ ಮಾಡಿಸಿ. ಬಾಟಲಿಯ ಮುಚ್ಚಳದ ಜಾಗಕ್ಕೆ ಕೈಪಂಪ್ ಕೂರಿಸಿ ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಡುವುದು, ಅದಕ್ಕಿಂತ ಜಾಸ್ತಿ ಕೊಟ್ಟರೆ ಹಳೇ ರೇಡಿಯೇಟರ್ ಅಲ್ಲೇ ಕೈಕೊಡಬಹುದು. ಮೈಸೂರಿನಲ್ಲಿ ನನಗೆ ಸಿಕ್ಕ ಎರಡನೇ ಮೆಕ್ಯಾನಿಕ್ ಮಾಡಿದ ಮೊದಲ ಕೆಲಸವೇ ಇದು. "ರಾತ್ರಿ ಇಲ್ಲೇ ಬಿಡಿ ಸಾರ್, ತಣ್ಣಗಿದ್ದಾಗ ಸೋರೋದು ಬಿಸಿಯಲ್ಲಿ ಕಾಣಲ್ಲ" ಎಂದರು. ಅದು ನಿಜ, ಲೋಹ ಹಿಗ್ಗಿದಾಗ ಮುಚ್ಚಿಕೊಳ್ಳುವ ಸಂದುಗಳಿರುತ್ತವೆ. ಬೆಳಗ್ಗೆ ನೋಡಿದರೆ 1.1 ಇದ್ದ ಒತ್ತಡ 0.6ಕ್ಕೆ ಇಳಿದಿದೆ, ಕೆಳಗಿನ ರಟ್ಟು ಒಣಗಿದೆ. ಸರಿ, ಸೋರುತ್ತಿರುವುದು ಇಂಜಿನ್ನಿನೊಳಗೇ.

ಹಾಗಾದರೆ ಹೆಡ್ ಗ್ಯಾಸ್ಕೆಟ್ಟೇ ಅಲ್ವಾ?

ಅಲ್ಲದೆಯೂ ಇರಬಹುದು. ಹೆಡ್ ಇಳಿಸುವ ಮೊದಲು ನೋಡಬೇಕಾದವು ಇವು.

ಆಯಿಲ್ ಕಡ್ಡಿ ಎಳೆದು ನೋಡಿ. ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ, ಮಟ್ಟ ಏರಿದ್ದರೆ, ಆಯಿಲಿಗೆ ನೀರು ಸೇರಿದೆ, ಇಂಜಿನ್ ಸ್ಟಾರ್ಟ್ ಮಾಡಬೇಡಿ. ಆಯಿಲ್ ಹಾಕುವ ಮುಚ್ಚಳದ ಅಡಿಯಲ್ಲಿ ಮಾತ್ರ ಬಿಳಿ ನೊರೆ ಇದ್ದರೆ ಗಾಬರಿ ಬೇಡ, ದಿನಾ ಎರಡು ಕಿಲೋಮೀಟರ್ ಮಾತ್ರ ಓಡುವ ಕಾರುಗಳಲ್ಲಿ ಆವಿ ನಿಂತು ಹಾಗಾಗುತ್ತದೆ. ಕೂಲೆಂಟ್ ಬಾಟಲಿಯಲ್ಲಿ ಜಿಡ್ಡು ತೇಲುತ್ತಿದ್ದರೆ ಆಯಿಲ್ ಕೂಲರನ್ನೂ ಅನುಮಾನಿಸಿ, ಓಡುವಾಗ ಆಯಿಲಿನ ಒತ್ತಡವೇ ಜಾಸ್ತಿ ಇರುವುದರಿಂದ ಆಯಿಲ್ ಈ ಕಡೆಗೆ ನುಗ್ಗುತ್ತದೆ.

ಬೆಳಗ್ಗೆ ತಣ್ಣಗಿದ್ದಾಗ ಮುಚ್ಚಳ ಒಮ್ಮೆ ಬಿಚ್ಚಿ ಮುಚ್ಚಿ, ಸ್ಟಾರ್ಟ್ ಮಾಡಿ, ಮೇಲಿನ ಹೋಸ್ ಹಿಚುಕಿ. ನೀರು ಇನ್ನೂ ಬಿಸಿಯಾಗುವ ಮೊದಲೇ, ಒಂದೆರಡು ನಿಮಿಷದಲ್ಲಿ ಹೋಸ್ ಕಲ್ಲಿನ ಹಾಗೆ ಗಟ್ಟಿಯಾದರೆ ಎಲ್ಲಿಂದಲೋ ಉರಿದ ಗಾಳಿ ಕೂಲೆಂಟಿಗೆ ಸೇರುತ್ತಿದೆ. ಇದನ್ನೇ ಖಚಿತ ಮಾಡಿಕೊಳ್ಳಲು ನೀಲಿ ದ್ರಾವಣದ ಪರೀಕ್ಷೆ ಇದೆ. ಬಾಟಲಿಯ ಮೇಲಿನ ಗಾಳಿಯನ್ನು ಆ ದ್ರಾವಣದ ಮೂಲಕ ಎಳೆದಾಗ ಬಣ್ಣ ಬದಲಾದರೆ ಉರಿದ ಗಾಳಿ ಇದೆ ಎಂದರ್ಥ. ನನ್ನ ಕಾರಿನಲ್ಲಿ ಹೋಸ್ ಗಟ್ಟಿಯಾಗಲಿಲ್ಲ, ದ್ರಾವಣ ಮಾತ್ರ ಸ್ವಲ್ಪ ಹಸಿರಿಗೆ ತಿರುಗಿತು. ನನಗೆ ಎದೆ ಧಸಕ್ ಎಂದಿತು. ಮೆಕ್ಯಾನಿಕ್ ಮಾತ್ರ ನಗುತ್ತಾ, "ಹಳದಿ ಲೈಟಿಗೆ ಸ್ಕ್ಯಾನರ್ ಹಾಕಿದ್ರಾ ಸಾರ್?" ಎಂದು ಕೇಳಿದರು.

ಹಾಕಿದ್ದೆ. ಇಂಜಿನ್ ಕಂಪ್ಯೂಟರಿನ ದೋಷದ ಕೋಡು ಓದುವ ಬ್ಲೂಟೂತ್ ಓಬಿಡಿ ತರಿಸಿ ಮೊಬೈಲಿನಲ್ಲಿ ನೋಡಿದ್ದೆ. ಪಿ0401, ಇಜಿಆರ್ ಹರಿವು ಸಾಲದು ಎನ್ನುವ ಕೋಡು. ಕೂಲೆಂಟಿಗೂ ಇದಕ್ಕೂ ಏನು ಸಂಬಂಧ ಎಂದು ಎರಡು ಸಲ ಅಳಿಸಿಯೂ ಇದ್ದೆ. ಕೂಲೆಂಟಿನ ಕೋಡು ಎಂದು ನಾನು ಹುಡುಕುತ್ತಿದ್ದದ್ದು ಪಿ0217 ಇಂಜಿನ್ ಅತಿಬಿಸಿ, ಪಿ0128 ನೀರು ಬೇಕಾದಷ್ಟು ಬಿಸಿಯಾಗುತ್ತಿಲ್ಲ, ಪಿ0115ರಿಂದ ಪಿ0118ರವರೆಗೆ ಸೆನ್ಸರ್ ತೊಂದರೆ, ಇವನ್ನು. ಎದುರಿಗೇ ಇದ್ದ ಉತ್ತರವನ್ನು ನಾನೇ ಅಳಿಸಿದ್ದೆ.

ಇಜಿಆರ್ ಎಂದರೆ ಸೈಲೆನ್ಸರಿಗೆ ಹೋಗುವ ಹೊಗೆಯಲ್ಲಿ ಒಂದು ಪಾಲನ್ನು ವಾಪಸ್ ಇಂಜಿನ್ನಿಗೆ ಕಳಿಸುವ ಏರ್ಪಾಡು, ನೈಟ್ರೋಜನ್ ಆಕ್ಸೈಡ್ ಕಡಿಮೆ ಮಾಡುವುದಕ್ಕೆ. ಆ ಹೊಗೆ ತುಂಬ ಬಿಸಿ, ಹಾಗಾಗಿ ಎಷ್ಟೋ ಡೀಸೆಲ್ ಕಾರುಗಳಲ್ಲಿ ಅದನ್ನು ಮೊದಲು ಒಂದು ಕೂಲರಿನಲ್ಲಿ ಹಾಯಿಸುತ್ತಾರೆ. ಕೂಲರಿನೊಳಗೆ ಸಣ್ಣ ಕೊಳವೆಗಳು, ಕೊಳವೆಯೊಳಗೆ ಹೊಗೆ, ಸುತ್ತ ಕೂಲೆಂಟ್. ವರ್ಷಗಟ್ಟಲೆ ಬಿಸಿ-ತಂಪು ಆಗಿ ಒಂದು ದಿನ ಕೂದಲೆಳೆಯ ಬಿರುಕು ಬೀಳುತ್ತದೆ. ಓಡಿಸಿ ನಿಲ್ಲಿಸಿದ ಮೇಲೆ ಹೊಗೆಯ ಒತ್ತಡ ಇಲ್ಲ, ಕೂಲೆಂಟಿನ ಒತ್ತಡ ಹಾಗೇ ಇದೆ, ಅದು ಬಿರುಕಿನಿಂದ ಒಳಗೆ ಜಿನುಗುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆಯಾಗಿ ಹೋಗುತ್ತದೆ. ನೆಲ ಒಣಗಿಯೇ ಇರುತ್ತದೆ. ಜೋರಾಗಿ ಓಡಿಸುವಾಗ ಇದೇ ಬಿರುಕಿನಿಂದ ಹೊಗೆ ಕೂಲೆಂಟಿಗೂ ನುಗ್ಗಬಹುದು, ಹಾಗಾಗಿ ದ್ರಾವಣ ಬಣ್ಣ ಬದಲಿಸಿತು ಎಂದ ಮಾತ್ರಕ್ಕೆ ಹೆಡ್ ಗ್ಯಾಸ್ಕೆಟ್ ಎಂದು ತೀರ್ಪು ಕೊಡುವ ಹಾಗಿಲ್ಲ. ಒದ್ದೆ ಮಸಿ ಮೆತ್ತಿಕೊಂಡು ದಾರಿ ಕಟ್ಟಿದಾಗ ಹರಿವು ಸಾಲದು ಎಂದು ಹಳದಿ ಲೈಟು. ಭಾನುವಾರ ಮಟ್ಟ ಇಳಿಯದಿದ್ದದ್ದು, ಓಡಿಸಿ ನಿಲ್ಲಿಸಿದ ರಾತ್ರಿ ಇಳಿದದ್ದು, ಎಲ್ಲ ಒಂದೇ ಜಾಗಕ್ಕೆ ಬಂದು ಕೂತಿತು.

ಬೆಳಗಿನ ಬಿಳಿ ಹೊಗೆಯ ಬಗ್ಗೆ ನನ್ನ ಹೆಂಡತಿ ಎರಡು ಸಲ ಹೇಳಿದ್ದಳು. ಚಳಿಗೆ ಎಲ್ಲ ಕಾರಲ್ಲೂ ಬರುತ್ತೆ ಬಿಡು ಎಂದಿದ್ದೆ. ಬರುವುದು ನಿಜ, ಆದರೆ ಬರೀ ಆವಿಯಾದರೆ ಬೇಗ ಕರಗುತ್ತದೆ, ಸಿಹಿ ವಾಸನೆ ಇರುವುದಿಲ್ಲ. ಹಿಂದೆ ನಿಂತು ನೋಡುವವರ ಮಾತು ಕೇಳಬೇಕು.

ಪಂಚರ್ ಅಂಗಡಿಯಲ್ಲಿ ಸಿಕ್ಕ ಸಾಕ್ಷಿ

ಮೊದಲು ಇಜಿಆರ್ ವಾಲ್ವ್ ಬಿಚ್ಚಿದೆವು. ಅಲ್ಲಿ ಒಣ ಕಪ್ಪು ಮಸಿ ಇರುವುದು ಸಹಜ. ನಮ್ಮದರಲ್ಲಿ ಒಂದು ಬದಿ ಟಾರಿನ ಹಾಗೆ ಒದ್ದೆ, ಇನ್ನೊಂದು ಕಡೆ ನೀರು ಹರಿದು ಲೋಹ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು. ಅಷ್ಟಕ್ಕೇ ನಾನು ಒಪ್ಪಿದ್ದೆ, ಮೆಕ್ಯಾನಿಕ್ ಒಪ್ಪಲಿಲ್ಲ. ಕೂಲರ್ ಬಿಚ್ಚಿ, ನೀರಿನ ಒಂದು ಬಾಯಿಗೆ ರಬ್ಬರ್ ಬಿರಡೆ ಬಿಗಿದು, ಇನ್ನೊಂದಕ್ಕೆ ಹೋಸ್ ಹಾಕಿ, ಎದುರಿನ ಪಂಚರ್ ಅಂಗಡಿಗೆ ಹೊತ್ತುಕೊಂಡು ಹೋದರು. ಟ್ಯೂಬ್ ಮುಳುಗಿಸುವ ತೊಟ್ಟಿಯಲ್ಲಿ ಮುಳುಗಿಸಿ, 20 ಪಿಎಸ್ಐ ಗಾಳಿ ಬಿಟ್ಟರು. ಅದಕ್ಕಿಂತ ಜಾಸ್ತಿ ಬೇಡ. ಮೊದಲು ಏನೂ ಇಲ್ಲ. ಅರ್ಧ ನಿಮಿಷ ಆದಮೇಲೆ ಹೊಗೆಯ ಬಾಯಿಂದ ಸಾಸಿವೆ ಕಾಳಿನಷ್ಟು ಗುಳ್ಳೆ, ಒಂದರ ಹಿಂದೆ ಒಂದು. ಪಂಚರ್ ಅಂಗಡಿಯ ಹುಡುಗನೇ "ಸಿಕ್ತು ಅಣ್ಣೋ" ಎಂದ.

ಬೆಸುಗೆ ಹಾಕಿಸಬಹುದಾ ಎಂದು ಕೇಳಿದೆ. ಬೇಡ. ಒಳಗಿನ ಕೊಳವೆಗೆ ಕೈ ಹೋಗುವುದಿಲ್ಲ. ಗುಜರಿಯಿಂದ ಹಳೆಯದು ತರುವುದೂ ಬೇಡ, ಅದೂ ಇಷ್ಟೇ ವಯಸ್ಸಿನದು. ಇಜಿಆರ್ ದಾರಿಯನ್ನೇ ಪೂರ್ತಿ ಮುಚ್ಚಿಬಿಡಿ ಎನ್ನುವವರಿದ್ದಾರೆ, ಅದು ಹೊಗೆ ನಿಯಂತ್ರಣ ಕಿತ್ತಂತೆ, ಹಳದಿ ಲೈಟೂ ಮತ್ತೆ ಬರುತ್ತದೆ. ಹಾಗೇ ಓಡಿಸುವುದು ಇನ್ನೂ ಅಪಾಯ. ಬಿರುಕು ದೊಡ್ಡದಾಗಿ ರಾತ್ರಿ ಸಿಲಿಂಡರಿಗೆ ನೀರು ಸೇರಿದರೆ ಬೆಳಗ್ಗೆ ಸ್ಟಾರ್ಟ್ ಮಾಡುವಾಗ ಕನೆಕ್ಟಿಂಗ್ ರಾಡ್ ಬಾಗುತ್ತದೆ, ನೀರನ್ನು ಅದುಮಲು ಆಗುವುದಿಲ್ಲವಲ್ಲ. ಹೊಸ ಕೂಲರ್, ಹೊಸ ಗ್ಯಾಸ್ಕೆಟ್ಟುಗಳು, ವಾಲ್ವ್ ಕ್ಲೀನಿಂಗ್. ಹೆಡ್ ಇಳಿಸಲು ಹೇಳಿದ್ದರ ಮೂರನೇ ಒಂದು ಪಾಲಿಗಿಂತ ಕಡಿಮೆಯಲ್ಲಿ ಮುಗಿಯಿತು.

ಮತ್ತೆ ತುಂಬುವಾಗ

ಬೋರ್‌ವೆಲ್ ನೀರು ಹಾಕಬೇಡಿ. ನಮ್ಮ ಮನೆಯ ಬೋರ್ ನೀರು ಬಕೆಟಿಗೇ ಬಿಳಿ ಪದರ ಕಟ್ಟುತ್ತದೆ, ರೇಡಿಯೇಟರಿನ ಸಣ್ಣ ಕೊಳವೆಗೆ ಏನು ಮಾಡೀತು ಯೋಚಿಸಿ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಕ್ಯಾನ್ ತಂದು, ಗಟ್ಟಿ ಕೂಲೆಂಟ್ ಆದರೆ ಅರ್ಧಕ್ಕರ್ಧ ಬೆರೆಸಿ. ಬೆರೆಸಿಯೇ ಬರುವ ಕೂಲೆಂಟ್ ಆದರೆ ಮತ್ತೆ ನೀರು ಸೇರಿಸಬೇಡಿ. ನಮ್ಮೂರಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಕೂಲೆಂಟ್ ಯಾಕೆ ಎನ್ನುವವರಿಗೆ: ಅದು ತುಕ್ಕು ತಡೆಯುತ್ತದೆ, ಕುದಿಯುವ ಬಿಸಿಯನ್ನು ಏರಿಸುತ್ತದೆ. ಬಣ್ಣ ನೋಡಿ ಕೊಳ್ಳಬೇಡಿ, ಬಣ್ಣಕ್ಕೆ ಎಲ್ಲ ಕಂಪನಿಗೂ ಒಂದೇ ನಿಯಮವಿಲ್ಲ. ಪುಸ್ತಕದಲ್ಲಿ ಹೇಳಿದ ಬಗೆಯದ್ದೇ ಹಾಕಿ. ಅರಿಶಿನ ಪುಡಿ ಹಾಕಿ ಸೋರಿಕೆ ನಿಲ್ಲಿಸುವುದು ಹಳೇ ಲಾರಿಗಳವರ ಉಪಾಯ, ಊರು ತಲುಪಲು ಸರಿ, ಈಗಿನ ತೆಳು ಕೊಳವೆಗಳಿಗೆ ಅದೇ ಅಡಚಣೆ. ತುಂಬುವಾಗ ಹೀಟರನ್ನು ಬಿಸಿಗೆ ತಿರುಗಿಸಿಟ್ಟು, ಗಾಳಿ ಬಿಡುವ ಸ್ಕ್ರೂ ಇದ್ದರೆ ಬಿಚ್ಚಿ, ಗುಳ್ಳೆ ನಿಲ್ಲುವ ತನಕ ನಿಧಾನಕ್ಕೆ ಸುರಿಯಿರಿ.

ಮೊದಲ ಎರಡು ದಿನ ಮಟ್ಟ ಒಂದು ಬೆರಳು ಇಳಿಯಿತು, ಒಳಗೆ ಉಳಿದಿದ್ದ ಗಾಳಿ ಹೊರಬಂದದ್ದು. ಅಷ್ಟು ತುಂಬಿ ಹೊಸ ಗೆರೆ ಎಳೆದೆ. ಎರಡು ತಿಂಗಳಾಯಿತು, ಮಟ್ಟ ಆ ಗೆರೆಯಲ್ಲೇ ಇದೆ. ಹಳದಿ ಲೈಟು ಮತ್ತೆ ಬಂದಿಲ್ಲ. ಕೆಂಪು ಲೈಟು ಮಾತ್ರ ಬಾಟಲಿ ತುಂಬಿದ್ದರೂ ಆಗಾಗ ಮಿನುಗುತ್ತಿತ್ತು. ಬಾಟಲಿ ಬಿಚ್ಚಿ ನೋಡಿದರೆ ಸೆನ್ಸರಿನ ಎರಡು ಪಿನ್ನಿಗೂ ಸುಣ್ಣದಂಥ ಪದರ, ನಾನೇ ಆ ನಾಲ್ಕು ವಾರ ಸುರಿದ ಬೋರ್ ನೀರಿನದು. ಉಜ್ಜಿದರೂ ಪೂರ್ತಿ ಹೋಗಲಿಲ್ಲ. ಹೊಸ ಬಾಟಲಿಗೆ ಹೇಳಿದ್ದೇನೆ, ಮುಂದಿನ ವಾರ ಬರುತ್ತದಂತೆ.